ಗುಡ್ಡದ ಹಿಂದ ಸಿಗ್ನಲ್ ಯಾಕ ಸಿಗಂಗಿಲ್ಲ? ನಮ್ಮ ಗದಗ ಸೀಮೆಯ ಗಾಳಿಯೊಳಗಿನ ಇತಿಹಾಸ

ಭಾಗ 1/10: ಒಂದು ಪ್ರಶ್ನೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ದೋಸ್ತರೇ, ಈ ಸಲದ ಸರಣಿ ನಿಮ್ಮ ಕೈಯಾಗಿನ ಫೋನಿನ ಬಗ್ಗೆ. ಮೊದಲು ಎರಡು ಸಂಗತಿ ಪಕ್ಕಪಕ್ಕ ಇಟ್ಟು ನೋಡ್ರಿ.

ಒಂದು: ನಮ್ಮ ಅಜ್ಜಂದಿರ ಕಾಲದಾಗ ಧಾರವಾಡದಿಂದ ಹೊರಟ ರೇಡಿಯೋ ಧ್ವನಿ ಮುಂಡರಗಿಯ ಹೊಲದ ಬದುವಿನ ಮೇಲಿಟ್ಟ ಟ್ರಾನ್ಸಿಸ್ಟರಿನಾಗ ಕೇಳ್ತಿತ್ತು. ನೇರ ಗೆರೆ ಎಳೆದರೆ ಹತ್ತಿರ ಹತ್ತಿರ ನೂರು ಕಿಲೋಮೀಟರ್ ದೂರ. ನಡುವೆ ಕಪ್ಪತಗುಡ್ಡ ಬೇರೆ.

ಎರಡು: ಇವತ್ತು ಟವರ್ ನಾಲ್ಕೈದು ಕಿಲೋಮೀಟರ್ ದೂರದಾಗ ಇದ್ದರೂ, ನಡುವೆ ಗುಡ್ಡದ ಒಂದು ಏಣು ಬಂತು ಅಂದ್ರ ಫೋನ್ ಸತ್ತಂಗ ಬೀಳ್ತೈತಿ. ನಮ್ಮ ಕ್ಲಾಸಿನಾಗ ಗುಡ್ಡದ ಬುಡದ ಊರಿಂದ ಬರೋರು ಇದ್ದಾರಲ್ಲ, ಅವರನ್ನ ಕೇಳ್ರಿ. ಸ್ಕಾಲರ್‌ಶಿಪ್ ಅರ್ಜಿಯ ಓಟಿಪಿಗಾಗಿ ಮಾಳಗಿ ಹತ್ತಿದವರು, ಊರ ಹೊರಗಿನ ದಿಬ್ಬಕ್ಕ ಸೈಕಲ್ ತುಳಿದವರು ಸಿಗ್ತಾರ.

1950ರ ತಂತ್ರಜ್ಞಾನ ಗುಡ್ಡ ದಾಟಿತು. ಇವತ್ತಿನದು ಯಾಕ ದಾಟವಲ್ದು?

‘ಕಂಪನಿ ಸರಿ ಇಲ್ಲ’ ಅಂತ ಬೈದು ಮುಗಿಸಬಹುದು. ಆದರೆ ಆ ಉತ್ತರ ಅರ್ಧ ಮಾತ್ರ. ಇದರ ಹಿಂದೆ ನಿಸರ್ಗದ ಒಂದು ನಿಯಮ ಇದೆ, ಅದರ ಬೆನ್ನಿಗೆ ದುಡ್ಡಿನ ಒಂದು ಲೆಕ್ಕ ಇದೆ. ನಿಯಮ ಇಷ್ಟೇ: ದೂರ ಹೋಗುವ ಅಲೆ ಕಡಿಮೆ ಹೊರುತ್ತದೆ, ಹೆಚ್ಚು ಹೊರುವ ಅಲೆ ದೂರ ಹೋಗುವುದಿಲ್ಲ. ನೂರಾ ಇಪ್ಪತ್ತೈದು ವರ್ಷದ ವೈರ್‌ಲೆಸ್ ಇತಿಹಾಸ ಪೂರ್ತಿ ಈ ಒಂದು ಸಾಲಿನ ಸುತ್ತ ತಿರುಗುತ್ತದೆ. ಲೆಕ್ಕದ ಮಾತು ಕೊನೆಗೆ ಬರುತ್ತದೆ. ನಾನು ಬಿಕಾಂ ಓದೋನು, ಅದನ್ನ ಬಿಟ್ಟು ಹೋಗಂಗಿಲ್ಲ.

ಬರ್ರಿ, ಶುರುವಿನಿಂದ ನೋಡೋಣ.

ಭಾಗ 2/10: ಧ್ವನಿ ರೈಲಿನಾಗ ಬರ್ತಿದ್ದ ಕಾಲ

ರೇಡಿಯೋ ಬರುವ ಮೊದಲು ದೂರದವರ ಧ್ವನಿ ಗದಗಿಗೆ ಹೆಂಗ ಬರ್ತಿತ್ತು? ತಟ್ಟೆಯ ಮೇಲೆ. ಗ್ರಾಮಫೋನ್ ತಟ್ಟೆ. ಹಾಡಿದವರ ಧ್ವನಿಯನ್ನು ಮೇಣದ ಮೇಲೆ ಗೀರಿ, ಅಚ್ಚು ತೆಗೆದು, ಪೆಟ್ಟಿಗೆಯಲ್ಲಿಟ್ಟು ಊರೂರಿಗೆ ಕಳಿಸುತ್ತಿದ್ದರು. ಅಂದರೆ ಧ್ವನಿಯೂ ಜೋಳದ ಚೀಲದಂತೆ ಸಾಗಣೆ ಆಗುವ ಸರಕಾಗಿತ್ತು.

ನಮ್ಮ ನಾಡಿನ ಭೀಮಸೇನ ಜೋಶಿಯವರ ಕಥೆ ನಿಮಗೆ ಗೊತ್ತಿರಬಹುದು. ಹುಟ್ಟಿದ್ದು 1922ರಲ್ಲಿ. ಚಿಕ್ಕವರಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮನಸ್ಸು ಸೋತರು. ಹನ್ನೊಂದರ ವಯಸ್ಸಿಗೇ ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಯೋಚನೆ ಮಾಡ್ರಿ: ಒಂದು ಧ್ವನಿ ಕೇಳಿಸಿತು, ಆದರೆ ಅದಕ್ಕೆ ಉತ್ತರ ಕೊಡಬೇಕೆಂದರೆ ಹುಡುಗ ತಾನೇ ರೈಲು ಹತ್ತಬೇಕಾಯಿತು.

ಆಗ ದೇಶದಲ್ಲಿ ರೇಡಿಯೋ ಇರಲಿಲ್ಲ ಅಂತಲ್ಲ. ಮುಂಬೈ ಕೇಂದ್ರ 1927ರ ಜುಲೈ 23ರಂದೇ ಶುರುವಾಗಿತ್ತು. ಆದರೆ ಅದರ ಶಕ್ತಿ ಬರೀ 1.5 ಕಿಲೋವ್ಯಾಟ್. ಚೆನ್ನಾಗಿ ಕೇಳಿಸುತ್ತಿದ್ದುದು ಸುಮಾರು 30 ಮೈಲಿ ಸುತ್ತಳತೆಯಲ್ಲಿ. ನಾವು ಆಗ ಮುಂಬೈ ಪ್ರಾಂತದವರೇ, ಆದರೆ ಮುಂಬೈ ಧ್ವನಿ ಸಿಗುವಷ್ಟು ಹತ್ತಿರದವರಲ್ಲ. ‘ಕವರೇಜ್ ಇಲ್ಲ’ ಅನ್ನೋ ಮಾತು ಮೊಬೈಲಿಗಿಂತ ಬಹಳ ಹಳೇದು.

ಮುಂದೆ 1943ರಲ್ಲಿ ಅದೇ ಭೀಮಸೇನರು ಮುಂಬೈಗೆ ಹೋಗಿ ರೇಡಿಯೋ ಕಲಾವಿದರಾದರು. ತಟ್ಟೆ ಕೇಳಿ ಮನೆ ಬಿಟ್ಟ ಹುಡುಗನ ಧ್ವನಿ ಹತ್ತು ವರ್ಷದಲ್ಲಿ ಗಾಳಿಗೆ ಏರಿತ್ತು.

ಗಾಳಿಗೆ ಏರುವುದು ಅಂದರೆ ಏನು? ಅದು ಮುಂದಿನ ಭಾಗದಾಗ.

ಭಾಗ 3/10: ಬೋಸ್ ಮತ್ತು ಮಾರ್ಕೋನಿ, ಒಂದೇ ಹಗ್ಗದ ಎರಡು ತುದಿ

ಮೊದಲು ಒಂದು ಗೊಂದಲ ಬಿಡಿಸೋಣ. ‘ಗಾಳಿಯಲ್ಲಿ ಬರುತ್ತದೆ’ ಅನ್ನುವುದು ರೂಢಿಯ ಮಾತು. ರೇಡಿಯೋ ಅಲೆಗೆ ಗಾಳಿ ಬೇಕಾಗಿಲ್ಲ. ಅದು ಬೆಳಕಿನ ಅಣ್ಣತಮ್ಮ. ಬೆಳಕಿನ ವೇಗ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಧಾರವಾಡದಿಂದ ಕೂಗಿದ ಸದ್ದು ಮುಂಡರಗಿ ತಲುಪುವುದಿದ್ದರೆ ಐದು ನಿಮಿಷದ ಹತ್ತಿರ ಬೇಕು. ರೇಡಿಯೋ ಅಲೆಗೆ ಒಂದು ಸೆಕೆಂಡಿನ ಮೂರು ಸಾವಿರ ಭಾಗದಲ್ಲಿ ಒಂದು ಭಾಗ ಸಾಕು.

ಇಂಥ ಅಲೆಗಳು ಇರಬೇಕು ಎಂದು 1860ರ ದಶಕದಲ್ಲಿ ಲೆಕ್ಕ ಹಾಕಿ ಹೇಳಿದವರು ಮ್ಯಾಕ್ಸ್‌ವೆಲ್. 1880ರ ದಶಕದ ಕೊನೆಗೆ ಪ್ರಯೋಗಾಲಯದಲ್ಲಿ ಹುಟ್ಟಿಸಿ ತೋರಿಸಿದವರು ಹರ್ಟ್ಜ್. ತಂತಿಯೊಳಗೆ ವಿದ್ಯುತ್ತು ಹಿಂದೆ ಮುಂದೆ ವೇಗವಾಗಿ ಜೀಕಿದರೆ ಅಲೆ ಹೊರಗೆ ಚಿಮ್ಮುತ್ತದೆ. ದೂರದ ಇನ್ನೊಂದು ತಂತಿಗೆ ಆ ಅಲೆ ತಾಗಿದರೆ ಅಲ್ಲಿಯೂ ಸಣ್ಣ ವಿದ್ಯುತ್ತು ಜೀಕುತ್ತದೆ. ಆಂಟೆನಾ ಅಂದ್ರ ಇಷ್ಟೇ.

1895ರಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದರು. ಅವರು ಅಭ್ಯಾಸ ಮಾಡಿದ ಅಲೆಗಳು ಬಹಳ ಗಿಡ್ಡ, ಮಿಲಿಮೀಟರ್ ಲೆಕ್ಕದವು. ಮಾರ್ಕೋನಿ ಉದ್ದ ಅಲೆಗಳ ಬೆನ್ನು ಹತ್ತಿದರು. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದ ಆಚೆಯಿಂದ ಸಂಕೇತ ಬಂತೆಂದು ಘೋಷಿಸಿದರು.

ಲೋಕಕ್ಕೆ ಆಗ ಬೇಕಾಗಿದ್ದುದು ದೂರ. ಆದ್ದರಿಂದ ಉದ್ದ ಅಲೆ ಗೆದ್ದಿತು, ಬೋಸರ ಗಿಡ್ಡ ಅಲೆ ದಶಕಗಟ್ಟಲೆ ಪುಸ್ತಕದಾಗೇ ಉಳಿಯಿತು. ಈಗ 5ಜಿಯ ಅತಿ ವೇಗದ ಪಟ್ಟಿ ಯಾವುದು ಗೊತ್ತೇನು? 26 ಗಿಗಾಹರ್ಟ್ಜ್. ಅಲೆಯ ಉದ್ದ ಸುಮಾರು 11.5 ಮಿಲಿಮೀಟರ್. ಬೋಸರ ಅಲೆಗಳ ಮನೆತನದ್ದೇ!

ಭಾಗ 4/10: 765 ಕಿಲೋಹರ್ಟ್ಜ್

ಕನ್ನಡ ನಾಡಿನಲ್ಲಿ ಇದು ಶುರುವಾದದ್ದು ಮನೆಯೊಂದರಲ್ಲಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ ಮನೆಯಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಮಾಡಿದರು. ಒಂದು ಬಲ್ಬಿನ ಶಕ್ತಿ ನೋಡ್ರಿ ಅದು! ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶವೇ ಎತ್ತಿಕೊಂಡಿತು.

ನಮ್ಮ ಕಡೆಗೆ ಬಂದದ್ದು 1950ರ ಜನವರಿ 8. ಧಾರವಾಡ ಕೇಂದ್ರ. ಗಣರಾಜ್ಯವಾಗಲು ಇನ್ನೂ 18 ದಿನ ಇತ್ತು. ಕರ್ನಾಟಕದ ಏಕೀಕರಣಕ್ಕೆ ಆರು ವರ್ಷಕ್ಕಿಂತ ಹೆಚ್ಚು. ನಕಾಶೆಯಲ್ಲಿ ಒಂದಾಗುವ ಮೊದಲೇ ಇಲ್ಲಿನ ಕನ್ನಡಕ್ಕೆ ಒಂದು ಧ್ವನಿ ಸಿಕ್ಕಿತು.

ಆ ಕೇಂದ್ರದ ಮೀಡಿಯಂ ವೇವ್ ನಂಬರು ಹಿರಿಯರಿಗೆ ಬಾಯಿಪಾಠ: 765 ಕಿಲೋಹರ್ಟ್ಜ್. ಅಂದರೆ ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಜೀಕುವ ಅಲೆ. 3 ಲಕ್ಷ ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು 392 ಮೀಟರ್.

ಈ ಅಲೆಗೆ ಧ್ವನಿ ಹೆಂಗ ಹತ್ತಿಸೋದು? ವೀರೇಶ್ವರ ಪುಣ್ಯಾಶ್ರಮದ ತಂಬೂರಿ ನೆನಪಿಸಿಕೊಳ್ಳಿ. ಅದು ಒಂದೇ ಶ್ರುತಿಯಲ್ಲಿ ಬಿಡದೆ ಮೀಟುತ್ತಿರುತ್ತದೆ. ಹಾಡುವವರ ಧ್ವನಿ ಏರಿದಾಗ ತಂಬೂರಿಯನ್ನು ಜೋರಾಗಿ, ಇಳಿದಾಗ ಮೆಲ್ಲಗೆ ಮೀಟಿದರೆ ಏನಾಗುತ್ತದೆ? ಶ್ರುತಿ ಅದೇ, ಆದರೆ ಅದರ ಏರಿಳಿತದೊಳಗೆ ಹಾಡಿನ ಆಕಾರ ಕೂತಿರುತ್ತದೆ. ಇದೇ ಎಎಂ. 765 ಅನ್ನುವುದು ಶ್ರುತಿ. ಸುದ್ದಿ, ಹಾಡು, ಕೃಷಿರಂಗ ಅದರ ಏರಿಳಿತ. ರೇಡಿಯೋ ಪೆಟ್ಟಿಗೆ ಶ್ರುತಿಯನ್ನು ಬದಿಗಿಟ್ಟು ಏರಿಳಿತವನ್ನು ಮಾತ್ರ ಕೇಳಿಸುತ್ತದೆ.

ಎಫ್‌ಎಂನಲ್ಲಿ ಜೋರು-ಮೆಲ್ಲ ಬದಲಾಗುವುದಿಲ್ಲ, ಶ್ರುತಿಯೇ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಯುತ್ತದೆ. ಸಿಡಿಲು ಮಿಂಚಿನ ಗದ್ದಲ ಜೋರು-ಮೆಲ್ಲವನ್ನು ಕೆಡಿಸುತ್ತದೆ, ಶ್ರುತಿಯನ್ನು ಅಷ್ಟಾಗಿ ಕೆಡಿಸದು. ಅದಕ್ಕೇ ಎಫ್‌ಎಂ ಸ್ವಚ್ಛ.

ಭಾಗ 5/10: ಅಲೆ ಗುಡ್ಡ ದಾಟಿದ್ದು ಹೆಂಗ

ಈಗ ಮೊದಲ ಭಾಗದ ಪ್ರಶ್ನೆಗೆ ಬರೋಣ. ಡಂಬಳದ ಕೆರೆಯ ದಂಡೆಗೆ ಹೋಗಿ ನಿಂತು ನೋಡ್ರಿ. ನೀರಿನಾಗ ಒಂದು ಗೂಟ ಇದ್ದರೆ ದೊಡ್ಡ ಅಲೆ ಅದನ್ನು ಲೆಕ್ಕಕ್ಕೇ ತಗೊಳ್ಳದೆ ಮುಂದೆ ಹೋಗುತ್ತದೆ. ಅದೇ ಸಣ್ಣ ಸಣ್ಣ ತೆರೆಗಳಿಗೆ ದೊಡ್ಡ ಬಂಡೆ ಅಡ್ಡ ಬಂದರೆ, ಬಂಡೆಯ ಹಿಂದಿನ ನೀರು ಕನ್ನಡಿಯಂತೆ ಸುಮ್ಮನಿರುತ್ತದೆ. ಅಡ್ಡಿಯ ಅಳತೆಗಿಂತ ಅಲೆ ದೊಡ್ಡದಿದ್ದರೆ ಅದು ಬಳಸಿಕೊಂಡು ಹೋಗುತ್ತದೆ. ಚಿಕ್ಕದಿದ್ದರೆ ಹಿಂದೆ ನೆರಳು ಬೀಳುತ್ತದೆ.

392 ಮೀಟರ್ ಉದ್ದದ ಅಲೆಗೆ ಕಪ್ಪತಗುಡ್ಡ ಒಂದು ಗೂಟ ಇದ್ದಂಗ. ಅದು ಬಾಗಿ ಆಚೆ ಇಳಿಯುತ್ತದೆ. ಅಷ್ಟೇ ಅಲ್ಲ, ಇಂಥ ಅಲೆ ನೆಲವನ್ನು ಹಿಡಿದುಕೊಂಡು ಭೂಮಿಯ ಬಾಗಿನ ಜೊತೆಗೇ ಸಾಗುತ್ತದೆ. ಮೇಲಾಗಿ ಧಾರವಾಡದ ಟ್ರಾನ್ಸ್‌ಮಿಟರಿನ ಶಕ್ತಿ 200 ಕಿಲೋವ್ಯಾಟಿಗೆ ಏರಿತ್ತು.

ರಾತ್ರಿ ಆದರೆ ಇನ್ನೊಂದು ಚಮತ್ಕಾರ. ಆಕಾಶದ ಮೇಲ್ಪದರದಲ್ಲಿ ವಿದ್ಯುತ್ ಕಣಗಳ ಒಂದು ಚಪ್ಪರ ಇದೆ. ಹಗಲಿನಲ್ಲಿ ಅದರ ಕೆಳಪದರ ಮೀಡಿಯಂ ವೇವ್ ಅಲೆಯನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಕೆಳಪದರ ಕರಗಿ, ಮೇಲಿನದು ಕನ್ನಡಿಯಂತೆ ಅಲೆಯನ್ನು ಕೆಳಗೆ ತಿರುಗಿಸುತ್ತದೆ. ಅದಕ್ಕೇ ರಾತ್ರಿ ಎಲ್ಲೆಲ್ಲಿಯ ಸ್ಟೇಷನ್ನುಗಳೋ ಸಿಗ್ತಿದ್ದವು ಅಂತ ಹಿರಿಯರು ಹೇಳೋದು.

ಹಂಗಾದ್ರ ಫೋನಿಗೂ ಇದೇ ಅಲೆ ಯಾಕ ಬಳಸಬಾರದು? ಜಾಗ ಇಲ್ಲ. ಇಡೀ ಮೀಡಿಯಂ ವೇವ್ ಪಟ್ಟಿ 531ರಿಂದ 1602 ಕಿಲೋಹರ್ಟ್ಜ್. ಒಂದು ಸ್ಟೇಷನ್ನಿಗೆ 9 ಕಿಲೋಹರ್ಟ್ಜ್ ಜಾಗ. ಭಾಗಿಸಿದರೆ ಒಟ್ಟು 120 ಪ್ಲಾಟು, ಅಷ್ಟೇ. ಒಂದು ಪ್ಲಾಟಿನಲ್ಲಿ ಒಂದು ಧ್ವನಿ. ಕೇಳುವವರು ಲಕ್ಷ ಮಂದಿ ಇರಬಹುದು, ಆದರೆ ಮಾತಾಡುವವರು ಒಬ್ಬರೇ.

ರೇಡಿಯೋ ಎಲ್ಲರನ್ನೂ ಮುಟ್ಟಿತು. ಯಾರಿಗೂ ತಿರುಗಿ ಮಾತಾಡಲು ಬಿಡಲಿಲ್ಲ.

ಭಾಗ 6/10: ತಿರುಗಿ ಮಾತಾಡೋ ಆಸೆ

ರೇಡಿಯೋ ಕೇಳಲೂ ಆಗ ಪುಕ್ಕಟೆ ಪರವಾನಗಿ ಇರಲಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಪ್ರಕಾರ ಪೆಟ್ಟಿಗೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಪೋಸ್ಟ್ ಆಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಬೇಕು. ನಿಮ್ಮ ಮನೆಯ ಹಳೇ ಟ್ರಂಕಿನಾಗ ಹುಡುಕ್ರಿ, ಆ ಸಣ್ಣ ಪುಸ್ತಕ ಸಿಕ್ಕರೂ ಸಿಗಬಹುದು.

1975ರ ಆಗಸ್ಟ್ 1ರಂದು ಇನ್ನೊಂದು ದಾರಿ ತೆರೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದು ವರ್ಷ ಟಿವಿ ಪ್ರಸಾರ. ಹೆಸರು ಸೈಟ್. ಕರ್ನಾಟಕದಲ್ಲಿ ಬಿಜಾಪುರ, ರಾಯಚೂರು, ಗುಲಬರ್ಗಾ ಜಿಲ್ಲೆಯ ಹಳ್ಳಿಗಳಿಗೆ ಸಿಕ್ಕಿತು. ನಾವು ಆಗ ಧಾರವಾಡ ಜಿಲ್ಲೆ (ಗದಗ ಜಿಲ್ಲೆ ಆದದ್ದು 1997ರಲ್ಲಿ), ಪಟ್ಟಿಯಲ್ಲಿ ಇರಲಿಲ್ಲ. ಕೋಳಿ ಗೂಡಿನ ಜಾಳಿಗೆಯಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿ, 36 ಸಾವಿರ ಕಿಲೋಮೀಟರ್ ಮೇಲಿಂದ ಬಂದ ಅಲೆಯನ್ನು ಹಿಡಿಯುತ್ತಿತ್ತು. ಗುಡ್ಡದ ಪ್ರಶ್ನೆಯೇ ಇಲ್ಲ, ಅಲೆ ನೆತ್ತಿಯ ಮೇಲಿಂದ ಬರುತ್ತದೆ. ಆದರೆ ಇಲ್ಲಿಯೂ ಹಳ್ಳಿ ಕೇಳುವುದು, ನೋಡುವುದು ಮಾತ್ರ.

ತಿರುಗಿ ಮಾತಾಡುವ ದೊಡ್ಡ ಹೆಜ್ಜೆಯೊಂದು ಬಿದ್ದದ್ದು ನಮ್ಮ ಮಗ್ಗುಲಲ್ಲೇ. 1986ರ ಜುಲೈನಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ, ಸಿ-ಡಾಟ್ ಸಂಸ್ಥೆ ತಾನೇ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಹಾಕಿತು. 128 ಲೈನಿನದು. ಪರದೇಶದ ಯಂತ್ರಗಳು ಎಸಿ ಕೋಣೆ ಬೇಡುತ್ತಿದ್ದವು. ಇದು ನಮ್ಮ ಬಿಸಿಲು ಧೂಳಿಗೆ ತಡೆಯುವಂತೆ ಮಾಡಿದ್ದು. ಅಲ್ಲಿಂದ ಮುಂದೆ ಎಸ್‌ಟಿಡಿ ಬೂತಿನ ಕಾಲ. ಗಾಜಿನ ಡಬ್ಬಿ, ಕೆಂಪು ಅಂಕಿ ಓಡೋ ಮೀಟರ್, ಹೊರಗೆ ಸರದಿ.

ದನಿ ಎರಡೂ ಕಡೆ ಹರಿಯಿತು. ಆದರೆ ತಂತಿ ಇದ್ದಷ್ಟೇ ದೂರ.

ಭಾಗ 7/10: ಊರನ್ನ ಕೋಣೆಗಳಾಗಿ ಹಂಚಿದ ಉಪಾಯ

ತಂತಿಯೂ ಬೇಡ, ಎಲ್ಲರೂ ಮಾತಾಡಬೇಕು, ಆದರೆ ಜಾಗ ಸಾಲದು. ಏನು ಮಾಡೋದು? ಉಪಾಯ 1947ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೊಳೆದಿತ್ತು. ಅಲೆ ದೂರ ಹೋಗದಂತೆ ಬೇಕಂತಲೇ ಶಕ್ತಿ ಕಡಿಮೆ ಇಡು. ನಾಡನ್ನು ಜೇನುಗೂಡಿನಂತೆ ಸಣ್ಣ ಸಣ್ಣ ಕೋಣೆ ಮಾಡು, ಕೋಣೆಗೊಂದು ಟವರ್. ಬೆಟಗೇರಿಯ ಕೋಣೆಯಲ್ಲಿ ಬಳಸಿದ ಫ್ರೀಕ್ವೆನ್ಸಿಯನ್ನೇ ಲಕ್ಷ್ಮೇಶ್ವರದ ಕೋಣೆಯಲ್ಲಿ ಮತ್ತೆ ಬಳಸಬಹುದು, ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಈ ಕೋಣೆಗೇ ‘ಸೆಲ್’ ಅಂತಾರ. ಸೆಲ್‌ಫೋನ್ ಅನ್ನೋ ಹೆಸರು ಅಲ್ಲಿಂದ ಬಂತು. ಬ್ಯಾಟರಿ ಸೆಲ್ಲಿಂದ ಅಲ್ಲ!

ಗಮನಿಸಿ, ಇಲ್ಲಿ ಆಟವೇ ತಿರುವು ಮುರುವಾಯಿತು. ಮಾರ್ಕೋನಿಗೆ ದೂರ ಹೋಗುವುದು ಗೆಲುವು. ಮೊಬೈಲಿಗೆ ದೂರ ಹೋಗದಿರುವುದೇ ಗೆಲುವು.

ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಕಲಕತ್ತೆಯಿಂದ ದೆಹಲಿಗೆ, ಜ್ಯೋತಿ ಬಸು ಅವರಿಂದ ಸುಖರಾಮ್ ಅವರಿಗೆ. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿತ್ತು. ಕರೆ ಬಂದರೂ ದುಡ್ಡು ನಿಮ್ಮದೇ. 2003ರ ಮೇ ತಿಂಗಳಿಂದ ಕರೆ ಮಾಡಿದವರೇ ಕೊಡುವ ನಿಯಮ ಬಂದಾಗ ಒಳಬರುವ ಕರೆ ಪುಕ್ಕಟೆ ಆಯಿತು. ‘ಒಂದು ಮಿಸ್ಡ್ ಕಾಲ್ ಕೊಡು’ ಅನ್ನೋದು ಊರೂರಿನ ಭಾಷೆ ಆಯಿತು. ಬಸ್ ಇಳಿದೆ ಅಂದ್ರ ಒಂದು ಮಿಸ್ಡ್ ಕಾಲ್, ಊಟಕ್ಕ ಬಾ ಅಂದ್ರ ಎರಡು.

ಆ ಮೊದಲ ಜಿಎಸ್‌ಎಂ ಟವರುಗಳು 900 ಮೆಗಾಹರ್ಟ್ಜ್ ಸುತ್ತ ಕೆಲಸ ಮಾಡುತ್ತಿದ್ದವು. ಅಲೆಯ ಉದ್ದ 33 ಸೆಂಟಿಮೀಟರ್, ಹೆಚ್ಚೂ ಕಡಿಮೆ ನಿಮ್ಮ ಸ್ಕೂಲಿನ ಅಡಿಕೋಲು. ಬಯಲಿದ್ದರೆ ಒಂದು ಟವರ್ ಗರಿಷ್ಠ 35 ಕಿಲೋಮೀಟರ್‌ವರೆಗೆ ಫೋನನ್ನು ಸಂಭಾಳಿಸಬಲ್ಲದು.

392 ಮೀಟರಿನಿಂದ ಅಡಿಕೋಲಿಗೆ ಬಂದೆವು. ಈಗ ಗುಡ್ಡ ಗೂಟವಲ್ಲ. ಬಂಡೆ.

ಭಾಗ 8/10: ನೆರಳು

ಮುಂದೆ ನಮಗೆ ಬರೀ ಮಾತು ಸಾಲಲಿಲ್ಲ. ಫೋಟೋ ಬೇಕು, ರೀಲ್ಸ್ ಬೇಕು, ಯೂಟ್ಯೂಬಿನಾಗ ಅಕೌಂಟ್ಸ್ ಪಾಠ ಬೇಕು. ಅದಕ್ಕೆ ದೊಡ್ಡ ಪ್ಲಾಟ್ ಬೇಕು. 4ಜಿಯ ಒಂದೇ ಚಾನೆಲ್ 20 ಮೆಗಾಹರ್ಟ್ಜ್‌ವರೆಗೆ ಅಗಲ ಇರುತ್ತದೆ. ಮೀಡಿಯಂ ವೇವಿನ 120 ಪ್ಲಾಟು ಕೂಡಿಸಿದರೂ ಸುಮಾರು 1 ಮೆಗಾಹರ್ಟ್ಜ್. ಅಂದರೆ ಅಂಥ ಇಪ್ಪತ್ತು ಪಟ್ಟಿಗಳ ಜಾಗವನ್ನು ಒಂದೇ 4ಜಿ ಚಾನೆಲ್ ನುಂಗುತ್ತದೆ. 5ಜಿಗೆ 100 ಮೆಗಾಹರ್ಟ್ಜ್ ಅಗಲವೂ ಉಂಟು.

ಇಷ್ಟು ಜಾಗ ಎಲ್ಲಿ ಸಿಗ್ತೈತಿ? ಬಸ್ ಸ್ಟ್ಯಾಂಡ್ ಹತ್ತಿರ ಜಾಗ ಇಕ್ಕಟ್ಟು, ಊರ ಹೊರಗ ಎಕರೆಗಟ್ಟಲೆ ಖಾಲಿ, ಹೌದಲ್ಲೋ? ಅಲೆಗಳ ಲೋಕದಲ್ಲೂ ಹಂಗ. ಕೆಳಗಿನ ಫ್ರೀಕ್ವೆನ್ಸಿ ತುಂಬಿ ತುಳುಕಿದೆ; ಮೇಲೆ ಹೋದಷ್ಟೂ ಜಾಗ. 2300 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ 13 ಸೆಂಟಿಮೀಟರ್. 3500ರಲ್ಲಿ 9 ಸೆಂಟಿಮೀಟರೂ ಇಲ್ಲ, ನಿಮ್ಮ ಅಂಗೈಯಷ್ಟು. ಇಂಥ ಅಲೆ ಹೆಚ್ಚು ಕಡಿಮೆ ಬೆಳಕಿನಂತೆ ನಡೆದುಕೊಳ್ಳುತ್ತದೆ. ಕಪ್ಪತಗುಡ್ಡದ ಏಣಿನ ಹಿಂದೆ, ಕಲ್ಲಿನ ಗೋಡೆಯ ಮಾಳಗಿ ಮನೆಯೊಳಗೆ, ನೆರಳು ಬೀಳುತ್ತದೆ.

ಇನ್ನೊಂದು ಮಾತು. ಸಿಗ್ನಲ್ ಕಡ್ಡಿ ತೋರಿಸ್ತೈತಿ, ಆದರೂ ಕಾಲ್ ಹೋಗಂಗಿಲ್ಲ, ಯಾಕ? ಕಡ್ಡಿ ಹೇಳುವುದು ಟವರಿನ ಮಾತು ನಿಮಗೆ ಎಷ್ಟು ಕೇಳುತ್ತಿದೆ ಅಂತ. ನಿಮ್ಮ ಮಾತು ಟವರಿಗೆ ಕೇಳಬೇಕಲ್ಲ? 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್. ಧಾರವಾಡದ 200 ಕಿಲೋವ್ಯಾಟ್ ಅದರ ಹತ್ತು ಲಕ್ಷ ಪಟ್ಟು. ಅದು ಕೂಗಿದರೆ ಜಿಲ್ಲೆ ದಾಟುತ್ತದೆ, ನಾವು ಪಿಸುಗುಟ್ಟುತ್ತೇವೆ. ಆದ್ದರಿಂದ ಕೇಳುವ ಕಿವಿ ಹತ್ತಿರ ಇರಲೇಬೇಕು.

ಟವರಿನ ಆಚೆಗೆ? ಅಲ್ಲಿಂದ ಮುಂದೆ ನಿಮ್ಮ ಮಾತು ಬಹುಪಾಲು ನೆಲದೊಳಗಿನ ಗಾಜಿನ ಎಳೆಯಲ್ಲಿ, ಬೆಳಕಾಗಿ ಹರಿಯುತ್ತದೆ. ವೈರ್‌ಲೆಸ್ ಅನ್ನುವುದು ಮೊದಲ ಮತ್ತು ಕೊನೆಯ ಕೆಲವು ಕಿಲೋಮೀಟರ್ ಮಾತ್ರ. ನಡುವಿನದೆಲ್ಲ ವೈರೇ.

ಭಾಗ 9/10: ಈಗ ಲೆಕ್ಕಕ್ಕೆ ಬರೋಣ

ಬಿಕಾಂ ದೋಸ್ತರೇ, ಈ ಭಾಗ ನಮ್ಮದು. ಕಾಸ್ಟ್ ಅಕೌಂಟಿಂಗ್ ತೆಗೀರಿ.

ಟವರ್ ಅಂದರೆ ಫಿಕ್ಸೆಡ್ ಕಾಸ್ಟ್. ಕಬ್ಬಿಣ, ಜಾಗದ ಬಾಡಿಗೆ, ಕರೆಂಟು, ಬ್ಯಾಟರಿ, ಫೈಬರ್. ಬೆಟಗೇರಿಯ ಓಣಿಯೊಳಗೆ ನಿಂತರೂ ಅಷ್ಟೇ, ಗುಡ್ಡದ ಬುಡಕ್ಕೆ ನಿಂತರೂ ಅಷ್ಟೇ. ಗುಡ್ಡಕ್ಕೆ ಫೈಬರ್ ಎಳೆಯುವ ಖರ್ಚು ಇನ್ನೂ ಮೇಲೆ. ಲೆಕ್ಕಕ್ಕೆಂದು ಹಿಡಿಯೋಣ: ತಿಂಗಳ ಖರ್ಚು 60 ಸಾವಿರ. ಓಣಿಯಲ್ಲಿ 3000 ಗಿರಾಕಿ ಇದ್ದರೆ ತಲೆಗೆ 20 ರೂಪಾಯಿ. ಹಳ್ಳಿಯಲ್ಲಿ 200 ಮಂದಿ ಇದ್ದರೆ ತಲೆಗೆ 300. ರಿಚಾರ್ಜ್ ದರ ಇಬ್ಬರಿಗೂ ಒಂದೇ. ಹಂಗಾದ್ರ ಯಾವ ಟವರ್ ಮೊದಲು ಏಳ್ತೈತಿ?

ಅಲೆ ಗಿಡ್ಡ ಆದಷ್ಟೂ ಟವರ್ ಹೆಚ್ಚು ಬೇಕು. ಟವರ್ ಹೆಚ್ಚಾದಷ್ಟೂ ಚದುರಿದ ಹಳ್ಳಿ ಲೆಕ್ಕದಿಂದ ಹೊರಗೆ ಬೀಳುತ್ತದೆ. ನಿಸರ್ಗದ ನಿಯಮ ದುಡ್ಡಿನ ನಿಯಮ ಆಗುವುದು ಇಲ್ಲಿ.

ದೂರ ಹೋಗುವ ಅಲೆ ಮೊಬೈಲಿಗೂ ಇದೆ, 700 ಮೆಗಾಹರ್ಟ್ಜ್, ಅಲೆಯ ಉದ್ದ 43 ಸೆಂಟಿಮೀಟರ್. ಸರ್ಕಾರ 2016ರಲ್ಲಿ ಹರಾಜಿಗಿಟ್ಟಿತು, ದರ ಹೆಚ್ಚೆಂದು ಯಾರೂ ಕೊಳ್ಳಲಿಲ್ಲ. 2021ರಲ್ಲೂ ಕೊಳ್ಳಲಿಲ್ಲ. 2022ರಲ್ಲಿ ಜಿಯೋ ಕೊಂಡಿತು. ಹಳ್ಳಿಗೆ ಒಗ್ಗುವ ಅಲೆ ಅಷ್ಟು ವರ್ಷ ಖಾಲಿ ಬಿದ್ದಿತ್ತು.

ಈ ಅಲೆ ಯಾರಪ್ಪನ ಆಸ್ತಿ? 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ. 2002ರ ಏಪ್ರಿಲ್ 1ರಿಂದ ಕಂಪನಿಗಳ ಆದಾಯದ (ಹೊಂದಾಣಿಕೆಯಾದ ಒಟ್ಟು ಆದಾಯ) 5 ಶೇಕಡಾ ಒಂದು ನಿಧಿಗೆ ಹೋಗುತ್ತದೆ, ಲಾಭವಿಲ್ಲದ ಊರಿಗೆ ಸೇವೆ ಮುಟ್ಟಿಸಲು. ಯುಎಸ್‌ಒ ನಿಧಿ ಅಂತಿದ್ದರು. ಈಗಿನ ಹೆಸರು ಡಿಜಿಟಲ್ ಭಾರತ ನಿಧಿ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು.

ಅಂದರೆ ಗುಡ್ಡದ ಹಿಂದಿನ ಟವರ್ ಯಾರೋ ಕೊಡೋ ಭಿಕ್ಷೆ ಅಲ್ಲ.

ಭಾಗ 10/10: ಕಣಗಿನಹಾಳದ ಪಾಠ

ಇದೇ ಲೆಕ್ಕ ನಮ್ಮ ಜಿಲ್ಲೆಗೆ ಹೊಸದಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಸಣ್ಣ ರೈತನಿಗೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಕಾರಣ ಇದೇ: ಸಾಲ ಸಣ್ಣದು, ಓಡಾಟದ ಖರ್ಚು ದೊಡ್ಡದು, ತಲೆಗೆ ಬೀಳುವ ವೆಚ್ಚ ಗಿಟ್ಟದು. ರೈತ ಸಾವಕಾರನ ಬಡ್ಡಿಯ ನೆರಳಿನಲ್ಲಿ ಉಳಿದ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಾಗಿ ಲೆಕ್ಕಕ್ಕೆ ಬಾರದವರು ಕೂಡಿದಾಗ ಲೆಕ್ಕಕ್ಕೆ ಬಂದರು. ಕರ್ನಾಟಕದ ಸಹಕಾರ ಚಳವಳಿಯ ಬೇರು ಅದು. ನಮ್ಮ ಸಿಲೆಬಸ್ಸಿನಾಗೂ ಐತಿ, ಎರಡು ಮಾರ್ಕಿಗೆ ಓದಿ ಮರೀತೇವಿ.

ಕರೆಂಟಿನ ವಿಷಯದಲ್ಲೂ ಹಿಂಗೇ ಆಗಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹಳ್ಳಿಗಳಿಗೆ ತಂತಿ ಎಳೆದು ವಿದ್ಯುತ್ ಹಂಚಿತು. ಸಾಲ, ಕರೆಂಟು ಎರಡಕ್ಕೂ ಆದದ್ದು ಸಿಗ್ನಲ್ಲಿಗೆ ಆಗಬಾರದು ಅಂತ ಏನಿಲ್ಲ.

ಒಮ್ಮೆ ಕಪ್ಪತಗುಡ್ಡದ ಕಡೆ ಹೋಗಿ ನಿಂತು ನೋಡ್ರಿ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತಿರುತ್ತವೆ. ಅಷ್ಟು ಎತ್ತರಕ್ಕೆ ರಸ್ತೆ ಹೋಗಿದೆ, ಕಂಬ ಹೋಗಿದೆ, ತಂತಿ ಹೋಗಿದೆ. ಲಾಭ ಕಂಡಲ್ಲಿ ಗುಡ್ಡ ಅಡ್ಡಿ ಆಗಲಿಲ್ಲ.

ಮಾತು ಇಷ್ಟೇ. ಗುಡ್ಡ ಅಲೆಯನ್ನು ತಡೆಯುವುದು ನಿಸರ್ಗದ ನಿಯಮ, ಅದಕ್ಕೆ ಯಾರನ್ನೂ ಬೈಯಂಗಿಲ್ಲ. ಆದರೆ ಗುಡ್ಡದ ಈಚೆ ಒಂದು ಕಂಬ ನಿಲ್ಲಿಸಬೇಕೋ ಬೇಡವೋ ಅನ್ನುವುದು ನಿಸರ್ಗ ಬರೆದದ್ದಲ್ಲ. ಅದು ಮನುಷ್ಯರು ಬರೆದ ಲೆಕ್ಕ, ಲೆಕ್ಕವನ್ನು ತಿದ್ದಬಹುದು. ರೇಷನ್ನಿನ ಬೆರಳಚ್ಚು, ಪಿಂಚಣಿಯ ಕೆವೈಸಿ, ನಮ್ಮ ಪರೀಕ್ಷೆ ಫೀ, ಎಲ್ಲಾ ಫೋನಿಗೆ ಕಟ್ಟಿದ ಮೇಲೆ ಸಿಗ್ನಲ್ ಅನ್ನೋದು ಶೋಕಿ ಅಲ್ಲ, ನೀರಿನ ನಲ್ಲಿ ಇದ್ದಂಗ.

ನಿಮ್ಮೂರಾಗ ಸಿಗ್ನಲ್ ಸಿಗೋ ಜಾಗ ಯಾವುದು? ಗುಡಿ ಕಟ್ಟೆಯೋ, ನೀರಿನ ಟಾಕಿಯೋ, ಬೇವಿನ ಗಿಡದ ಬುಡವೋ? ಕಾಮೆಂಟಿನಾಗ ಊರ ಹೆಸರು, ಆ ಜಾಗ ಎರಡೇ ಬರೀರಿ. ಯಾರ ಹೆಸರು, ನಂಬರು ಬ್ಯಾಡ. ಪಟ್ಟಿ ಮಾಡಿ ಮುಂದಿನ ಪೋಸ್ಟಿನಾಗ ನಕಾಶೆ ಹಾಕ್ತೇನಿ. ಗ್ರಾಮಸಭೆಗೆ ಹೋಗೋರು ಅದನ್ನ ಪ್ರಿಂಟ್ ತೆಗೆದು ಒಯ್ಯಿರಿ. ಒಬ್ಬ ಅರ್ಜಿ ಕೊಟ್ಟರೆ ತಕರಾರು, ಊರೇ ಕೊಟ್ಟರೆ ಲೆಕ್ಕ.

#ಗದಗ #ಬೆಟಗೇರಿ #ಲಕ್ಷ್ಮೇಶ್ವರ #ಶಿರಹಟ್ಟಿ #ಮುಂಡರಗಿ #ಕಪ್ಪತಗುಡ್ಡ #ನಮ್ಮೂರಇತಿಹಾಸ